ಯಾನಾ ಡೆಮೆಂತ್ಯೇವಾ: ಅಥೆನ್ಸಿನ ಕಂಚು ಹೋಯಿತು, ಲಂಡನ್ನಿನ ಚಿನ್ನ ಬಂತು. ಆ ಕಂಚು ಕಿತ್ತುಕೊಂಡದ್ದು ಸರಿಯಾ?

ಕೆರೆದಂಡೆ (ಪ್ರಶ್ನೆ):

ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಇಲ್ಲಿ ಕೇಳಿದರೆ ಯಾರಾದರೂ ಉತ್ತರ ಕೊಡುತ್ತಾರಾ ನೋಡೋಣ.

ನಾನಿರುವುದು ಇಂಗ್ಲೆಂಡಿನ ಸ್ಲೌನಲ್ಲಿ. ಇಲ್ಲೇ ಹತ್ತಿರ ಡಾರ್ನಿ ಲೇಕ್ ಅಂತ ಉದ್ದನೆಯ ಕೆರೆ ಇದೆ. ಈಟನ್ ಶಾಲೆಯವರು ತೋಡಿಸಿದ್ದು. 2012ರ ಒಲಿಂಪಿಕ್ಸಿನ ರೋಯಿಂಗ್, ಅಂದರೆ ಹುಟ್ಟು ಹಾಕುವ ದೋಣಿ ಸ್ಪರ್ಧೆ, ನಡೆದದ್ದು ಅಲ್ಲೇ. ಅದರಿಂದಾಗಿ ಹಳೆಯ ರೇಸ್ ವಿಡಿಯೋ ನೋಡುವ ಚಟ ಹತ್ತಿದೆ. ಮಹಿಳೆಯರ ಕ್ವಾಡ್ರಪಲ್ ಸ್ಕಲ್ಸ್ ಫೈನಲ್ ನೋಡಿದೆ. ಉಕ್ರೇನಿನ ಕತೆರಿನಾ ತರಸೆಂಕೊ, ನತಾಲಿಯಾ ದೊವ್ಗೊದ್ಕೊ, ಅನಸ್ತಾಸಿಯಾ ಕೊಜೆಂಕೊವಾ, ಯಾನಾ ಡೆಮೆಂತ್ಯೇವಾ ಶುರುವಿನಿಂದಲೂ ಮುಂದೆ, ಕೊನೆಗೂ ಮುಂದೆ. ಎಲ್ಲೂ ಬಿಟ್ಟುಕೊಡಲಿಲ್ಲ. ಉಕ್ರೇನ್ ಸ್ವತಂತ್ರ ದೇಶವಾದ ಮೇಲೆ ರೋಯಿಂಗಿನಲ್ಲಿ ಬಂದ ಮೊದಲ ಒಲಿಂಪಿಕ್ ಚಿನ್ನ ಅದು.

ಆಮೇಲೆ ನಾಲ್ವರ ಹೆಸರನ್ನೂ ಒಂದೊಂದಾಗಿ ಹುಡುಕುತ್ತಾ ಹೋದೆ. ಡೆಮೆಂತ್ಯೇವಾ ಹತ್ತಿರ ಬಂದಾಗ ನಿಂತುಬಿಟ್ಟೆ. ಆಗ ಅವರಿಗೆ 33 ವರ್ಷ. ಅದಕ್ಕಿಂತ ಎಂಟು ವರ್ಷ ಹಿಂದೆ, 2004ರ ಅಥೆನ್ಸಿನಲ್ಲಿ, ಇದೇ ಸ್ಪರ್ಧೆಯಲ್ಲಿ ಅವರ ದೋಣಿ ಮೂರನೆಯದಾಗಿ ಬಂದಿತ್ತು. ಆಮೇಲೆ ಜೊತೆಗಿದ್ದ ಒಬ್ಬರ ಡೋಪಿಂಗ್ ಪರೀಕ್ಷೆಯಲ್ಲಿ ಏನೋ ಸಿಕ್ಕಿ ನಾಲ್ವರ ಪದಕವೂ ಹೋಯಿತು.

ನನ್ನ ಪ್ರಶ್ನೆ ಇದು. ತಪ್ಪು ಒಬ್ಬರದು, ಶಿಕ್ಷೆ ನಾಲ್ವರಿಗೆ. ಇದು ರೋಯಿಂಗಿನಲ್ಲಿ ಮಾಮೂಲಾ? ಡೆಮೆಂತ್ಯೇವಾ ಅಂಥವರ ಕ್ರೀಡಾ ಜೀವನವನ್ನು ಹೇಗೆ ನೋಡಬೇಕು, ಬರೀ ಒಂದು ಚಿನ್ನ ಅಂತಲೋ, ಒಂದು ಚಿನ್ನ ಮತ್ತು ಕಳೆದುಹೋದ ಒಂದು ಕಂಚು ಅಂತಲೋ? ಜೊತೆಗೆ ಈ ಆಟದ ಒಳಗುಟ್ಟು ಗೊತ್ತಿರುವವರು ಸ್ವಲ್ಪ ಹೇಳಿ. ನನಗೆ ಸ್ಕಲ್ ಅಂದರೆ ಏನು ಅನ್ನುವುದೂ ಸರಿಯಾಗಿ ಗೊತ್ತಿಲ್ಲ.

ಹುಟ್ಟು_ಹಾಕು:

ಸೇನೆಯಲ್ಲಿದ್ದಾಗ ಪುಣೆಯಲ್ಲಿ ಕೆಲವು ವರ್ಷ ರೋಯಿಂಗ್ ಮಾಡಿದ್ದೇನೆ, ದೊಡ್ಡ ಮಟ್ಟಕ್ಕೇನೂ ಹೋಗಲಿಲ್ಲ. ಆದರೂ ಈ ಆಟದ ಹುಚ್ಚು ಬಿಟ್ಟಿಲ್ಲ. ಇಂಥ ಪ್ರಶ್ನೆ ಇಲ್ಲಿ ಬರುತ್ತದೆ ಅಂದುಕೊಂಡಿರಲಿಲ್ಲ ನೋಡಿ.

ಮೊದಲು ಸ್ಕಲ್ ವಿಷಯ. ಒಬ್ಬರ ಎರಡು ಕೈಗೆ ಎರಡು ಹುಟ್ಟು ಇದ್ದರೆ ಅದು ಸ್ಕಲ್ಲಿಂಗ್. ಎರಡೂ ಕೈಯಲ್ಲಿ ಒಂದೇ ಉದ್ದನೆಯ ಹುಟ್ಟು ಹಿಡಿದರೆ ಸ್ವೀಪ್. ಕ್ವಾಡ್‌ನಲ್ಲಿ ನಾಲ್ವರು, ಎಂಟು ಹುಟ್ಟು. ದಾರಿ ಹೇಳಲು ಕಾಕ್ಸ್ ಇರುವುದಿಲ್ಲ. ಎಲ್ಲರೂ ಹಿಂದಕ್ಕೆ ಮುಖ ಮಾಡಿ ಕೂತಿರುತ್ತಾರೆ, ಅಂದರೆ ಹೋಗುವ ದಿಕ್ಕು ಯಾರಿಗೂ ಕಾಣುವುದಿಲ್ಲ. ಒಬ್ಬರ ಶೂಗೆ ತಂತಿ ಕಟ್ಟಿ ಸಣ್ಣ ಚುಕ್ಕಾಣಿಗೆ ಜೋಡಿಸಿರುತ್ತಾರೆ, ಅವರು ಕಾಲಲ್ಲೇ ದಿಕ್ಕು ಸರಿಮಾಡಿಕೊಳ್ಳಬೇಕು. ಹಿಂದಿನ ತುದಿಯಲ್ಲಿ ಕೂತವರನ್ನು ಸ್ಟ್ರೋಕ್ ಅನ್ನುತ್ತಾರೆ, ಲಯ ಹಿಡಿಸುವುದು ಅವರು. ಅವರ ಬೆನ್ನು ನೋಡಿಕೊಂಡು ಉಳಿದ ಮೂವರು ಎಳೆಯಬೇಕು. ದೋಣಿ ಸುಮಾರು 13 ಮೀಟರ್ ಉದ್ದ, ನಿಯಮದ ಪ್ರಕಾರ ಕನಿಷ್ಠ ತೂಕ 52 ಕಿಲೋ. ಅಂದರೆ ಅದರಲ್ಲಿ ಕೂರುವ ಒಬ್ಬ ಹುಡುಗಿಗಿಂತ ಹಗುರ! ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ, ಪಾದಗಳು ದೋಣಿಗೆ ಬಿಗಿದಿರುತ್ತವೆ. ನೋಡುವವರಿಗೆ ಕೈ ಕೆಲಸ ಅನ್ನಿಸುತ್ತದೆ, ಆದರೆ ಜಾಸ್ತಿ ಬಲ ಬರುವುದು ತೊಡೆಯಿಂದ.

ಈಗ ಅಥೆನ್ಸ್. 2004ರ ಆಗಸ್ಟ್ 22ರಂದು ಸ್ಕಿನಿಯಾಸ್‌ನಲ್ಲಿ ಫೈನಲ್. ಜರ್ಮನಿಗೆ ಚಿನ್ನ, ಬ್ರಿಟನ್ನಿಗೆ ಬೆಳ್ಳಿ, ಉಕ್ರೇನಿಗೆ ಕಂಚು. ಉಕ್ರೇನಿನ ದೋಣಿಯಲ್ಲಿದ್ದವರು ಒಲೆನಾ ಒಲೆಫಿರೆಂಕೊ, ಒಲೆನಾ ಮೊರೊಜೊವಾ, ತೆತ್ಯಾನಾ ಕೊಲೆಸ್ನಿಕೊವಾ, ಯಾನಾ ಡೆಮೆಂತ್ಯೇವಾ. ಒಲೆಫಿರೆಂಕೊ ಅವರ ಮಾದರಿಯಲ್ಲಿ ಎತಮಿವಾನ್ ಅನ್ನುವ ಉತ್ತೇಜಕ ಸಿಕ್ಕಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಡೀ ದೋಣಿಯನ್ನು ಅನರ್ಹ ಮಾಡಿತು. ನಾಲ್ಕನೆಯದಾಗಿ ಬಂದಿದ್ದ ಆಸ್ಟ್ರೇಲಿಯಾಕ್ಕೆ ಕಂಚು ಹೋಯಿತು.

ಮಾಮೂಲಾ ಅಂತ ಕೇಳಿದಿರಿ. ನಿಯಮದ ಲೆಕ್ಕದಲ್ಲಿ ಹೌದು. ಫುಟ್‌ಬಾಲ್, ಹಾಕಿಯಂಥ ಆಟದಲ್ಲಿ ಒಬ್ಬ ಸಿಕ್ಕಿಬಿದ್ದರೆ ಅವನು ಹೊರಗೆ, ತಂಡ ಸಾಮಾನ್ಯವಾಗಿ ಉಳಿಯುತ್ತದೆ. ಇಬ್ಬರಿಗಿಂತ ಜಾಸ್ತಿ ಜನ ಸಿಕ್ಕಿದರೆ ತಂಡದ ಮೇಲೆ ಕ್ರಮ. ರೋಯಿಂಗಿನ ದೋಣಿಗೆ ಆ ರಿಯಾಯಿತಿ ಇಲ್ಲ. ಒಬ್ಬರು ಹೋದರೆ ಎಲ್ಲರೂ ಹೋದ ಹಾಗೆ. ಯಾಕೆಂದರೆ ಆ 2000 ಮೀಟರಿನಲ್ಲಿ ಯಾರದ್ದು ಎಷ್ಟು ಪಾಲು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ನಾಲ್ಕು ಜನ ಸೇರಿ ಮಾಡಿದ ಸಾರಿನಿಂದ ಒಬ್ಬರು ಹಾಕಿದ ಉಪ್ಪನ್ನು ಮಾತ್ರ ವಾಪಸ್ ತೆಗೆಯುವುದು ಹೇಗೆ?

ಮಂಗ್ಳೂರ್_ಮೀನು:

ಅಲ್ಲ ಮಾರಾಯ್ರೆ, ಉಪ್ಪು ಹಾಕಿದವರು ಒಬ್ಬರು, ಉಳಿದ ಮೂವರು ಏನು ಮಾಡಿದರು? ಅವರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಲ್ವಾ? ಪಕ್ಕದ ಸೀಟಿನವರು ಬೆಳಿಗ್ಗೆ ಯಾವ ಮಾತ್ರೆ ನುಂಗಿದರು ಅಂತ ಇವರಿಗೆ ಹೇಗೆ ಗೊತ್ತಾಗಬೇಕು? ಅವರೇನು ಒಬ್ಬರ ಬಾಯಿ ಒಬ್ಬರು ಕಾಯುತ್ತಾ ಕೂತಿರಬೇಕಾ?

ಒಂದು ಒಲಿಂಪಿಕ್ಸಿಗೆ ನಾಲ್ಕು ವರ್ಷದ ಕೆಲಸ. ಬೆಳಗ್ಗೆ ಕತ್ತಲಲ್ಲಿ ಎದ್ದು ತಣ್ಣನೆ ನೀರಿಗೆ ಇಳಿಯುವುದು, ಮನೆ ಬಿಟ್ಟು ಕ್ಯಾಂಪಿನಲ್ಲಿರುವುದು, ಎಲ್ಲ ಮಾಡಿ ವೇದಿಕೆ ಹತ್ತಿ ಪದಕ ಹಾಕಿಸಿಕೊಂಡ ಮೇಲೆ "ವಾಪಸ್ ಕೊಡಿ" ಅಂದರೆ? ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ. ದೋಣಿಯ ಫಲಿತಾಂಶ ತೆಗೆಯಲಿ, ಸರಿ. ಆದರೆ "ಈ ಮೂವರದು ಏನೂ ತಪ್ಪಿಲ್ಲ" ಅಂತ ಅದೇ ಪಟ್ಟಿಯಲ್ಲಿ ದೊಡ್ಡದಾಗಿ ಬರೆಯಲಿ. ಈಗ ಯಾರು ಹುಡುಕಿದರೂ ಕಾಣುವುದು ಅನರ್ಹ ಅನ್ನುವ ಒಂದೇ ಪದ, ನಾಲ್ವರ ಹೆಸರಿನ ಎದುರೂ.

ಆ ಒಲೆಫಿರೆಂಕೊ ಬೇಕಂತಲೇ ತಗೊಂಡರಾ, ಇಲ್ಲ ಯಾವುದೋ ಔಷಧಿಯಲ್ಲಿ ಬಂತಾ, ಅದನ್ನಾದರೂ ನೋಡಬೇಕಲ್ಲ.

ಟ್ರ್ಯಾಕ್_ಶೂ:

@ಮಂಗ್ಳೂರ್_ಮೀನು, ಇದು ಉಸೇನ್ ಬೋಲ್ಟ್‌ಗೂ ಆಗಿದೆ. 2008ರ ಬೀಜಿಂಗಿನಲ್ಲಿ ಜಮೈಕಾ 4x100 ರಿಲೇ ಗೆದ್ದಿತ್ತು. ಅದರಲ್ಲಿದ್ದ ನೆಸ್ಟಾ ಕಾರ್ಟರ್ ಅವರ ಹಳೆಯ ಮಾದರಿಯನ್ನು ವರ್ಷಗಳ ನಂತರ ಮತ್ತೆ ಪರೀಕ್ಷೆ ಮಾಡಿದರು, ನಿಷೇಧಿತ ಪದಾರ್ಥ ಸಿಕ್ಕಿತು, 2017ರಲ್ಲಿ ಇಡೀ ತಂಡದ ಚಿನ್ನ ಹೋಯಿತು. ಬೋಲ್ಟ್‌ನ ಒಂಬತ್ತು ಚಿನ್ನ ಎಂಟಾದದ್ದು ಹಾಗೆ. ಬೋಲ್ಟ್ ತಪ್ಪು ಮಾಡಿದ ಅಂತ ಯಾರೂ ಹೇಳಲಿಲ್ಲ, ಆದರೂ ಪದಕ ಕೊಡಲೇಬೇಕಾಯಿತು.

ವ್ಯತ್ಯಾಸ ಏನೆಂದರೆ ಬೋಲ್ಟ್ ಹತ್ತಿರ ಇನ್ನೂ ಎಂಟು ಉಳಿದಿತ್ತು. ಡೆಮೆಂತ್ಯೇವಾ ಹತ್ತಿರ ಆಗ ಬೇರೆ ಒಲಿಂಪಿಕ್ ಪದಕ ಇರಲಿಲ್ಲ. ಹಾಗಾಗಿ ಬೋಲ್ಟ್ ಕಥೆ ಕೇಳಿ "ಅಯ್ಯೋ ಬಿಡಿ" ಅನ್ನುತ್ತೇವೆ, ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ.

ರಿಲೇಯಲ್ಲಾದರೂ ಯಾರು ತಮ್ಮ ಪಾಲಿನ ನೂರು ಮೀಟರ್ ಎಷ್ಟು ಹೊತ್ತಿಗೆ ಓಡಿದರು ಅಂತ ಅಳೆಯಬಹುದು. ದೋಣಿಯಲ್ಲಿ ಅದೂ ಆಗಲ್ಲ.

ಹುಟ್ಟು_ಹಾಕು:

@ಮಂಗ್ಳೂರ್_ಮೀನು, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಬೇಕಂತಲೇ ತಗೊಂಡರಾ ಅನ್ನುವ ಪ್ರಶ್ನೆ ಫಲಿತಾಂಶದ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ದೇಹದಲ್ಲಿ ಇತ್ತು ಅಂದರೆ ಆ ರೇಸಿನ ಫಲಿತಾಂಶ ರದ್ದು. ಉದ್ದೇಶ ಏನಿತ್ತು ಅನ್ನುವುದು ಆಮೇಲೆ ಆ ವ್ಯಕ್ತಿಗೆ ಎಷ್ಟು ನಿಷೇಧ ಅಂತ ನಿರ್ಧರಿಸುವಾಗ ಬರುತ್ತದೆ. ಇಲ್ಲದಿದ್ದರೆ ಸಿಕ್ಕಿಬಿದ್ದವರೆಲ್ಲ "ನೆಗಡಿ ಔಷಧಿ ಸಾರ್" ಅಂದು ಪದಕ ಉಳಿಸಿಕೊಳ್ಳುತ್ತಿದ್ದರು.

ಮತ್ತೆ ನೀವು ಮೂವರ ಬಗ್ಗೆ ಮಾತ್ರ ಯೋಚಿಸಿದಿರಿ. ಪಕ್ಕದ ಸಾಲಿನಲ್ಲಿ ಆಸ್ಟ್ರೇಲಿಯಾದ ಡಾನಾ ಫಾಲೆಟಿಕ್, ರೆಬೆಕ್ಕಾ ಸ್ಯಾಟಿನ್, ಆಂಬರ್ ಬ್ರಾಡ್ಲಿ, ಕೆರ್ರಿ ಹೋರ್ ಇದ್ದರು. ಅವರದೂ ನಾಲ್ಕು ವರ್ಷದ ಕೆಲಸವೇ. ನಿಮ್ಮ ಲೆಕ್ಕ ಹಿಡಿದರೆ ಅವರಿಗೆ ಯಾರು ಉತ್ತರ ಕೊಡಬೇಕು? ಫೈನಲ್ ಮುಗಿದಾಗ ವೇದಿಕೆಯ ಮೇಲೆ ಅವರಿರಲಿಲ್ಲ. ಕಂಚು ಸಿಕ್ಕಿತು, ಆದರೆ ಆ ಗದ್ದಲ, ಆ ಚಪ್ಪಾಳೆ ಸಿಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಕಿತ್ತುಕೊಂಡದ್ದು ಸರಿ. ಮೂವರ ಹೆಸರಿನ ಎದುರು ಒಂದು ಟಿಪ್ಪಣಿ ಹಾಕಬೇಕು ಅಂದಿರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇದೆ.

@ಕೆರೆದಂಡೆ, ಡೆಮೆಂತ್ಯೇವಾ ವೃತ್ತಿಜೀವನವನ್ನು ಪದಕದ ಲೆಕ್ಕದಲ್ಲಿ ನೋಡಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಅವರು ಬಂದದ್ದು ಎಂಥ ಕಾಲಕ್ಕೆ ನೋಡಿ. ಮಹಿಳೆಯರ ಕ್ವಾಡ್ ಈಗಿನ ರೂಪದಲ್ಲಿ, ಅಂದರೆ ಕಾಕ್ಸ್ ಇಲ್ಲದೆ 2000 ಮೀಟರಿಗೆ, ಒಲಿಂಪಿಕ್ಸಿನಲ್ಲಿ ಶುರುವಾದದ್ದು 1988ರಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ. ಅಲ್ಲಿ ಗೆದ್ದದ್ದು ಪೂರ್ವ ಜರ್ಮನಿ. ಆಮೇಲೆ 1992, 1996, 2000, 2004, ನಾಲ್ಕೂ ಸಲ ಜರ್ಮನಿ. ಬೇರೆಯವರು ಬೆಳ್ಳಿಗೆ ಹೊಡೆದಾಡಬೇಕು ಅಷ್ಟೇ. ಅಥೆನ್ಸಿನ ಜರ್ಮನ್ ದೋಣಿಯಲ್ಲಿ ಕಾತ್ರಿನ್ ಬೊರೊನ್ ಇದ್ದರು. ಅದು ಅವರ ನಾಲ್ಕನೇ ಒಲಿಂಪಿಕ್ಸ್, ನಾಲ್ಕನೇ ಚಿನ್ನ. ಅಂಥವರ ಹಿಂದೆ ಮೂರನೆಯದಾಗಿ ಬಂದದ್ದು ಸಣ್ಣ ಮಾತಲ್ಲ. (ಆ ರೇಸಿನಲ್ಲಿ ಬ್ರಿಟನ್ ಪರ ಬೆಳ್ಳಿ ಗೆದ್ದ ರೆಬೆಕ್ಕಾ ರೊಮೆರೊ ಆಮೇಲೆ ದೋಣಿ ಬಿಟ್ಟು ಸೈಕಲ್ ಹತ್ತಿ ಬೀಜಿಂಗಿನಲ್ಲಿ ಚಿನ್ನ ಗೆದ್ದರು. ಕೆಲವರಿಗೆ ದೇವರು ಸುಮ್ನೆ ಜಾಸ್ತಿ ಕೊಟ್ಟುಬಿಡುತ್ತಾನೆ.)

ಉಕ್ರೇನಿಗೂ ಈ ದೋಣಿಗೂ ಹಳೇ ನಂಟು. 1988ರಲ್ಲಿ ಸೋವಿಯತ್ ಒಕ್ಕೂಟದ ಕ್ವಾಡ್ ಬೆಳ್ಳಿ ಗೆದ್ದಾಗ ಅದರಲ್ಲಿ ಇನ್ನಾ ಫ್ರೊಲೊವಾ, ಸ್ವಿತ್ಲಾನಾ ಮಾಜಿ ಇದ್ದರು. ಎಂಟು ವರ್ಷದ ಮೇಲೆ ಅಟ್ಲಾಂಟಾದಲ್ಲಿ ಅದೇ ಇಬ್ಬರು ಉಕ್ರೇನಿನ ಬಾವುಟದ ಕೆಳಗೆ ಮತ್ತೆ ಬೆಳ್ಳಿ ಗೆದ್ದರು, ದೀನಾ ಮಿಫ್ತಾಖುತ್ದಿನೊವಾ ಮತ್ತು ಒಲೆನಾ ರೊನ್ಜಿನಾ ಜೊತೆ. ದೇಶ ಬದಲಾಯಿತು, ಸ್ಪರ್ಧೆ ಅದೇ, ಪದಕವೂ ಅದೇ, ಮುಂದೆ ಇದ್ದದ್ದೂ ಅದೇ ಜರ್ಮನ್ನರು! ಡೆಮೆಂತ್ಯೇವಾ ಅವರದ್ದು ಈ ಸಾಲಿನ ಮುಂದಿನ ತಲೆಮಾರು.

ಬೀಜಿಂಗಿನಲ್ಲಿ ಚೀನಾ ಆ ಸರಣಿ ಮುರಿಯಿತು. ಉಕ್ರೇನಿಗೆ ಅಲ್ಲಿ ಈ ಸ್ಪರ್ಧೆಯಲ್ಲಿ ಪದಕ ಇಲ್ಲ. 2009ರಲ್ಲಿ ಪೋಲೆಂಡಿನ ಪೊಜ್ನಾನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಕ್ರೇನಿನ ಕ್ವಾಡ್ ಗೆದ್ದಿತು. 2010ರಲ್ಲಿ ಬ್ರಿಟನ್, 2011ರಲ್ಲಿ ಜರ್ಮನಿ. ಹಾಗಾಗಿ ಲಂಡನ್ನಿಗೆ ಬರುವ ಹೊತ್ತಿಗೆ ಇದು ಒಂದೇ ದೇಶದ ಸ್ವತ್ತಾಗಿ ಉಳಿದಿರಲಿಲ್ಲ.

ಫೈನಲ್ 2012ರ ಆಗಸ್ಟ್ 1ಕ್ಕೆ. ಉಕ್ರೇನ್ 6 ನಿಮಿಷ 35.93 ಸೆಕೆಂಡ್, ಜರ್ಮನಿ 6:38.09, ಅಮೆರಿಕ 6:40.63. ಎರಡು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ: ಸೆಕೆಂಡಿಗೆ ಐದು ಮೀಟರ್ ಚಿಲ್ಲರೆ ವೇಗ, ಗಂಟೆಗೆ 18 ಕಿಲೋಮೀಟರ್. 2.16 ಸೆಕೆಂಡಿಗೆ ಹತ್ತಿರ ಹತ್ತಿರ 11 ಮೀಟರ್. ಇಡೀ ಒಂದು ದೋಣಿಗೆ ಸ್ವಲ್ಪ ಕಡಿಮೆ. ಒಲಿಂಪಿಕ್ ಫೈನಲ್‌ನಲ್ಲಿ ಅಷ್ಟು ಅಂತರ ಸಿಕ್ಕಿದರೆ ಆರಾಮ ಗೆಲುವು ಅಂತಲೇ ಹೇಳುವುದು.

ಮೊದಲಿಂದ ಮುಂದೆ ಇರುವುದರಲ್ಲಿ ಒಂದು ಲಾಭ ಇದೆ. ಹಿಂದಕ್ಕೆ ಮುಖ ಮಾಡಿ ಕೂತಿರುತ್ತೀರಲ್ಲ, ಮುಂದಿರುವವರಿಗೆ ಹಿಂದಿರುವ ಐದೂ ದೋಣಿ ಕಣ್ಣೆದುರೇ ಕಾಣುತ್ತವೆ. ಯಾರು ಎಲ್ಲಿ ಜೋರು ಮಾಡಿದರು ಅಂತ ನೋಡಿಕೊಂಡೇ ಎಳೆಯಬಹುದು. ಹಿಂದೆ ಬಿದ್ದವರಿಗೆ ಆ ಸೌಲಭ್ಯ ಇಲ್ಲ, ಕತ್ತು ತಿರುಗಿಸಿದರೆ ಲಯ ಹೋಗುತ್ತದೆ. ಆದರೆ ಮೊದಲೇ ಜೋರು ಹೊಡೆದು 1500 ಮೀಟರಿಗೆ ಬರುವಾಗ ತೊಡೆ ಕಲ್ಲಾಗಿ, ಉಸಿರು ಸಾಲದೆ, ಕಣ್ಣು ಮಂಜಾಗಿ ಕೂತಲ್ಲೇ ಸತ್ತುಹೋದ ದೋಣಿಗಳನ್ನೂ ಬೇಕಾದಷ್ಟು ನೋಡಿದ್ದೇನೆ, ನಾನೇ ಅಂಥದ್ದರಲ್ಲಿ ಕೂತಿದ್ದೂ ಇದೆ. ಮುಂದೆ ಹೋಗುವುದಕ್ಕೆ ಧೈರ್ಯ ಸಾಕು, ಅಲ್ಲಿ ಉಳಿಯುವುದಕ್ಕೆ ವರ್ಷಗಟ್ಟಲೆ ಮಾಡಿದ ತರಬೇತಿ ಬೇಕು. 33 ವರ್ಷದ ಒಬ್ಬರು, ಎಂಟು ವರ್ಷ ಹಿಂದೆ ಇದೇ ಸ್ಪರ್ಧೆಯಲ್ಲಿ ಅಂಥ ಏಟು ತಿಂದವರು, ಆ ದೋಣಿಯಲ್ಲಿ ಇದ್ದರು ಅನ್ನುವುದೇ ನನಗೆ ದೊಡ್ಡದು. ದೊವ್ಗೊದ್ಕೊ ಹುಟ್ಟಿದ್ದು 1991ರಲ್ಲಿ, ಅಥೆನ್ಸಿನ ಹೊತ್ತಿಗೆ ಇನ್ನೂ ಶಾಲೆಯ ಹುಡುಗಿ.

ಸೋಮಾರಿ_ಸೈನ್ಯ:

ಇಷ್ಟು ದೊಡ್ಡ ಸಾಧನೆ, ಆದರೆ ಲಂಡನ್ ಒಲಿಂಪಿಕ್ಸ್ ಅಂದರೆ ಉಕ್ರೇನಿನ ದೋಣಿ ಯಾರಿಗೂ ನೆನಪಾಗುವುದಿಲ್ಲ. ಯಾಕೆ?

ಟ್ರ್ಯಾಕ್_ಶೂ:

ಆ ದಿನವೇ ಹಾಗಿತ್ತು. ಅದೇ ಆಗಸ್ಟ್ 1, ಅದೇ ಕೆರೆ, ಮಹಿಳೆಯರ ಪೇರ್‌ನಲ್ಲಿ (ಇಬ್ಬರ ದೋಣಿ) ಹೆಲೆನ್ ಗ್ಲೋವರ್ ಮತ್ತು ಹೀದರ್ ಸ್ಟ್ಯಾನಿಂಗ್ ಗೆದ್ದರು. ಬ್ರಿಟನ್ನಿಗೆ ಆ ಕೂಟದ ಮೊದಲ ಚಿನ್ನ ಅದು. ಅದೇ ದಿನ ಬ್ರಾಡ್ಲಿ ವಿಗ್ಗಿನ್ಸ್ ಸೈಕ್ಲಿಂಗ್ ಟೈಮ್ ಟ್ರಯಲ್ ಗೆದ್ದ. ಮನೆಯವರ ಮದುವೆ ದಿನ ಪಕ್ಕದ ಬೀದಿಯವರ ಸುದ್ದಿ ಯಾರು ಕೇಳುತ್ತಾರೆ? ಕ್ವಾಡ್ ಫೈನಲ್‌ನಲ್ಲಿ ಬ್ರಿಟನ್ ಆರನೆಯದಾಗಿ ಬಂತು. ಹಾಗಾಗಿ ಇಂಗ್ಲಿಷ್ ಪತ್ರಿಕೆಗಳಿಗೆ ಅದರ ಬಗ್ಗೆ ಬರೆಯುವ ಉತ್ಸಾಹವೂ ಇದ್ದಿರಲಾರದು. ನಮಗೆ ಬರುವ ಸುದ್ದಿಯೂ ಇಂಗ್ಲಿಷ್ ಮೂಲಕವೇ ತಾನೆ.

ಮಳೆಗಾಲ:

ಒಂದು ಸಣ್ಣ ಪ್ರಶ್ನೆ. ಯೂರಿ ಚೆಬಾನ್ ಅಂತ ಉಕ್ರೇನಿನವರು 2012 ಮತ್ತು 2016 ಎರಡರಲ್ಲೂ ಚಿನ್ನ ಗೆದ್ದಿದ್ದಾರಲ್ಲ, ಅದೂ ದೋಣಿಯಲ್ಲೇ. ಅವರು ಈ ಲೆಕ್ಕಕ್ಕೆ ಬರುವುದಿಲ್ವಾ?

ಹುಟ್ಟು_ಹಾಕು:

ಚೆಬಾನ್ ಅವರದು ಕನೂ ಸ್ಪ್ರಿಂಟ್, 200 ಮೀಟರ್. ಒಂದು ಮೊಣಕಾಲೂರಿ ಮುಂದಕ್ಕೆ ಮುಖ ಮಾಡಿ ಒಂದೇ ಪ್ಯಾಡಲ್‌ನಿಂದ ಬಗೆಯುವುದು. ದೋಣಿಗೆ ಸಿಕ್ಕಿಸಿದ ಹುಟ್ಟು ಇರುವುದಿಲ್ಲ, ಜಾರುವ ಸೀಟೂ ಇಲ್ಲ. ಬೇರೆ ಆಟ, ಬೇರೆ ಸಂಸ್ಥೆ. ಬೀಜಿಂಗಿನಲ್ಲಿ ಕಯಾಕ್ 500 ಮೀಟರ್ ಗೆದ್ದ ಇನ್ನಾ ಒಸಿಪೆಂಕೊ ಅವರದೂ ಹಾಗೇ. ಆದರೆ ನೀರಿನ ಆಟಗಳಲ್ಲಿ ಉಕ್ರೇನ್ ಯಾಕೆ ಇಷ್ಟು ಗಟ್ಟಿ ಅನ್ನುವುದಕ್ಕೆ ಈ ಹೆಸರುಗಳನ್ನೂ ಸೇರಿಸಬಹುದು. ನಕ್ಷೆ ತೆಗೆದು ದ್ನಿಪ್ರೊ ನದಿ ಹಿಡಿದುಕೊಂಡು ಕೆಳಗೆ ಬನ್ನಿ: ಕೀವ್, ದ್ನಿಪ್ರೊ, ಝಪೊರಿಝಿಯಾ, ಖೆರ್ಸೊನ್. ದೊಡ್ಡ ಊರುಗಳೆಲ್ಲ ನೀರಿನ ದಡದಲ್ಲೇ ಇವೆ. ತರಸೆಂಕೊ ದ್ನಿಪ್ರೊ ಊರಿನವರು.

ಪಿಟಿ_ಮೇಷ್ಟ್ರು:

ತಡವಾಗಿ ಬಂದೆ. ಯಾರೂ ಪ್ಯಾರಾ ರೋಯಿಂಗ್ ಬಗ್ಗೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಉಕ್ರೇನಿನ ಚಾಂಪಿಯನ್ ರೋಯರ್ ಯಾರು ಅಂತ ನನ್ನನ್ನು ಕೇಳಿದರೆ ಮೊದಲು ಹೇಳುವ ಹೆಸರು ರೊಮಾನ್ ಪೊಲ್ಯಾನ್ಸ್ಕಿ. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ, ಟೋಕಿಯೋದಲ್ಲಿ ಮತ್ತೆ ಚಿನ್ನ, 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ. ಮೂರೂ ಸಿಂಗಲ್ ಸ್ಕಲ್ಸ್, ಅಂದರೆ ದೋಣಿಯಲ್ಲಿ ಒಬ್ಬರೇ.

ಇವರ ವಿಭಾಗದಲ್ಲಿ ಕಾಲು, ಸೊಂಟದ ಬಲ ಬಳಸಲು ಆಗದವರು ಇರುತ್ತಾರೆ. ಸೀಟು ಜಾರುವುದಿಲ್ಲ, ಎದೆಗೆ ಪಟ್ಟಿ ಬಿಗಿದಿರುತ್ತದೆ. ಎಲ್ಲವೂ ಭುಜ ಮತ್ತು ತೋಳಿನ ಕೆಲಸ. ದೋಣಿ ಮಗುಚದ ಹಾಗೆ ಎರಡೂ ಬದಿಗೆ ತೇಲುಗಳನ್ನು ಕಟ್ಟಿರುತ್ತಾರೆ. ಮೇಲೆ ಹುಟ್ಟು_ಹಾಕು ಅವರು ಜಾಸ್ತಿ ಬಲ ತೊಡೆಯದು ಅಂದರಲ್ಲ, ಆ ತೊಡೆಯನ್ನೇ ತೆಗೆದುಬಿಟ್ಟರೆ ಏನು ಉಳಿಯುತ್ತದೆ ಯೋಚಿಸಿ.

ರಿಯೋದಲ್ಲಿ ಪ್ಯಾರಾ ರೇಸ್ 1000 ಮೀಟರ್ ಇತ್ತು. 2017ರಿಂದ ಅದನ್ನು 2000 ಮೀಟರ್ ಮಾಡಿದರು. ಐದು ನಿಮಿಷದ ಒಳಗೆ ಮುಗಿಯುತ್ತಿದ್ದ ರೇಸ್ ಒಂಬತ್ತು, ಹತ್ತು ನಿಮಿಷಕ್ಕೆ ಹೋಯಿತು. ಬೇರೆಯೇ ಆಟ ಆದ ಹಾಗೆ. ಶಾಲೆಯಲ್ಲಿ ಮಕ್ಕಳಿಗೆ ಓಟ ಹೇಳಿಕೊಟ್ಟವನಾಗಿ ನನಗೆ ಇದರ ಬೆಲೆ ಗೊತ್ತು. 800 ಮೀಟರ್ ಗೆಲ್ಲುವ ಹುಡುಗನನ್ನು ದೂರದ ಓಟಕ್ಕೆ ನಿಲ್ಲಿಸಿ ನೋಡಿ, ಎಷ್ಟು ಜನ ಅಲ್ಲೂ ಗೆಲ್ಲುತ್ತಾರೆ? ಪೊಲ್ಯಾನ್ಸ್ಕಿ ಎರಡು ದೂರದಲ್ಲೂ ಪ್ಯಾರಾಲಿಂಪಿಕ್ ಚಿನ್ನ ಗೆದ್ದರು. ಎರಡು ಸಲವೂ ಎರಡನೆಯವರು ಆಸ್ಟ್ರೇಲಿಯಾದ ಎರಿಕ್ ಹೋರಿ. ಅವರು ಲಂಡನ್ನಿನಲ್ಲೂ ಬೆಳ್ಳಿಯೇ ಗೆದ್ದಿದ್ದರು, ಪಾಪ. ಪ್ಯಾರಿಸ್‌ನಲ್ಲಿ ಪೊಲ್ಯಾನ್ಸ್ಕಿಯನ್ನು ಹಿಂದೆ ಹಾಕಿದ್ದು ಬ್ರಿಟನ್ನಿನ ಬೆಂಜಮಿನ್ ಪ್ರಿಚರ್ಡ್. ಅದೇ ರೇಸಿನಲ್ಲಿ ಮೂರನೆಯದಾಗಿ ಬಂದಿದ್ದ ಇಟಲಿಯ ಜಾಕೊಮೊ ಪೆರಿನಿಯನ್ನು ದೋಣಿಯಲ್ಲಿ ಮೊಬೈಲ್ ಫೋನ್ ಇತ್ತು ಅಂತ ಅನರ್ಹ ಮಾಡಿ ಕಂಚನ್ನು ಹೋರಿಗೆ ಕೊಟ್ಟರು. ಈ ಆಟದಲ್ಲಿ ದಡ ಮುಟ್ಟಿದ ಮೇಲೂ ಪದಕ ನಿಮ್ಮದು ಅಂತ ಹೇಳುವ ಹಾಗಿಲ್ಲ.

ಪ್ಯಾರಿಸ್ ಬೆಳ್ಳಿಯ ಹೊತ್ತಿಗೆ ಅವರ ದೇಶದಲ್ಲಿ ಯುದ್ಧ ಶುರುವಾಗಿ ಎರಡೂವರೆ ವರ್ಷ ಆಗಿತ್ತು. 2023ರ ಜೂನ್‌ನಲ್ಲಿ ಕಖೋವ್ಕಾ ಅಣೆಕಟ್ಟು ಒಡೆದು ದ್ನಿಪ್ರೊ ನದಿಯ ಕೆಳಭಾಗ ಮುಳುಗಿತು, ಮೇಲಿದ್ದ ದೊಡ್ಡ ಜಲಾಶಯ ಖಾಲಿಯಾಯಿತು. ಅಂಥ ದೇಶದಿಂದ ಒಬ್ಬ ರೋಯರ್ ಮೂರನೇ ಸಲ ಪದಕದ ವೇದಿಕೆಗೆ ಬಂದರು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ.

ಮತ್ತೆ @ಕೆರೆದಂಡೆ, ನಿಮ್ಮ ಡಾರ್ನಿ ಕೆರೆಯಲ್ಲಿ ಉಕ್ರೇನಿಗೆ ಆ ಬೇಸಿಗೆಯಲ್ಲಿ ಎರಡು ಚಿನ್ನ ಸಿಕ್ಕಿದೆ, ಒಂದಲ್ಲ. ಕ್ವಾಡ್ ಗೆದ್ದ ಮುಂದಿನ ತಿಂಗಳು ಪ್ಯಾರಾಲಿಂಪಿಕ್ಸ್‌ನಲ್ಲಿ ಆಲ್ಲಾ ಲಿಸೆಂಕೊ ಮಹಿಳೆಯರ ಸಿಂಗಲ್ ಸ್ಕಲ್ಸ್ ಗೆದ್ದರು. ಅದರ ವಿಡಿಯೋನೂ ಹುಡುಕಿ.

ಮಂಗ್ಳೂರ್_ಮೀನು:

ಮೊಬೈಲ್ ಇತ್ತು ಅಂತ ಪದಕ ತೆಗೆದರಾ! ಈ ರೋಯಿಂಗಿನವರ ಸಹವಾಸ ಅಲ್ಲ ಮಾರಾಯ್ರೆ.

ಆಸ್ಟ್ರೇಲಿಯಾದವರ ವಿಷಯ ಓದಿದ ಮೇಲೆ ನನ್ನ ವಾದದ ಅರ್ಧ ಬಿಟ್ಟಿದ್ದೇನೆ. ಇನ್ನರ್ಧ, ಆ ಟಿಪ್ಪಣಿಯ ವಿಷಯ, ಬಿಡುವುದಿಲ್ಲ.

ಕೆರೆದಂಡೆ:

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಲಿಸೆಂಕೊ ರೇಸ್ ಇವತ್ತೇ ಹುಡುಕುತ್ತೇನೆ ಮೇಷ್ಟ್ರೇ.

ಇನ್ನೊಂದು ಕೇಳಿ ಮುಗಿಸುತ್ತೇನೆ. ಲಂಡನ್ ಆದ ಮೇಲೆ ಆ ದೋಣಿ ಏನಾಯಿತು? ನಾಲ್ವರೂ ಮತ್ತೆ ಒಟ್ಟಿಗೆ ಬಂದರಾ? ರಿಯೋ ಫಲಿತಾಂಶ ನೋಡಿದರೆ ಗೆದ್ದವರ ಸಮಯವೇ ಲಂಡನ್ನಿಗಿಂತ 13 ಸೆಕೆಂಡ್ ಜಾಸ್ತಿ ಇದೆ. ನಾಲ್ಕು ವರ್ಷದಲ್ಲಿ ಎಲ್ಲರೂ ನಿಧಾನ ಆಗಿಬಿಟ್ಟರಾ?

ಹುಟ್ಟು_ಹಾಕು:

ಸಮಯವನ್ನು ಹಾಗೆ ಹೋಲಿಸಬೇಡಿ. ಎದುರುಗಾಳಿ ಇದ್ದರೆ ಅದೇ ದೋಣಿ ಅರ್ಧ ನಿಮಿಷ ನಿಧಾನ ಆಗಬಹುದು. ಬೆನ್ನಗಾಳಿ ಇದ್ದರೆ ದಾಖಲೆ. ಅದಕ್ಕೇ ರೋಯಿಂಗಿನಲ್ಲಿ ವಿಶ್ವದಾಖಲೆ ಅನ್ನುವುದಿಲ್ಲ, ವಿಶ್ವದ ಅತ್ಯುತ್ತಮ ಸಮಯ ಅನ್ನುತ್ತಾರೆ. ಅದೇ ದಿನ ಅದೇ ನೀರಿನಲ್ಲಿ ಪಕ್ಕದವರಿಗಿಂತ ಎಷ್ಟು ಮುಂದಿದ್ದರು, ಅದನ್ನು ಮಾತ್ರ ನೋಡಿ.

ರಿಯೋದಲ್ಲಿ ಉಕ್ರೇನಿನ ಕ್ವಾಡ್ ನಾಲ್ಕನೆಯದಾಗಿ ಬಂತು. ಮುಂದೆ ಜರ್ಮನಿ, ನೆದರ್ಲೆಂಡ್ಸ್, ಪೋಲೆಂಡ್. ಲಂಡನ್ನಿನ ನಾಲ್ವರಲ್ಲಿ ಆ ದೋಣಿಯಲ್ಲಿದ್ದವರು ಕೊಜೆಂಕೊವಾ ಒಬ್ಬರೇ. ಗೆದ್ದ ಜರ್ಮನ್ ದೋಣಿಯಲ್ಲಿ ಅನ್ನೆಕಾತ್ರಿನ್ ಥೀಲೆ, ಕರೀನಾ ಬೇರ್ ಇದ್ದರು. ಲಂಡನ್ನಿನಲ್ಲಿ ಉಕ್ರೇನಿನ ಹಿಂದೆ ಬೆಳ್ಳಿ ಗೆದ್ದವರು ಅವರೇ. ಸಾಲ ತೀರಿಸಿಕೊಂಡರು ಅನ್ನಿ.

ಆ ರಿಯೋ ಉಕ್ರೇನ್ ದೋಣಿಯಲ್ಲಿ ಒಲೆನಾ ಬುರ್ಯಾಕ್ ಅಂತ ಒಬ್ಬರಿದ್ದರು, ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. 2018ರಲ್ಲಿ ಒಳಾಂಗಣ ರೋಯಿಂಗ್ ಯಂತ್ರದಲ್ಲಿ 2000 ಮೀಟರನ್ನು 6 ನಿಮಿಷ 22.8 ಸೆಕೆಂಡಿಗೆ ಎಳೆದರು. ಆಗ ಮಹಿಳೆಯರಲ್ಲಿ ಅದು ವಿಶ್ವದಾಖಲೆ, 2021ರಲ್ಲಿ ಅಮೆರಿಕದ ಬ್ರೂಕ್ ಮೂನಿ 6:21.1ಕ್ಕೆ ಇಳಿಸುವವರೆಗೂ. ಯಂತ್ರಕ್ಕೆ ಗಾಳಿ ಅಲೆಯ ಕಾಟ ಇಲ್ಲ, ಹಾಗಾಗಿ ಅಲ್ಲಿ ದಾಖಲೆ ಅನ್ನಬಹುದು. ನಿಮ್ಮ ಹತ್ತಿರದ ಜಿಮ್‌ನಲ್ಲಿ ಆ ಯಂತ್ರ ಇದ್ದರೆ 500 ಮೀಟರಿಗೆ ಒಂದು ನಿಮಿಷ 36 ಸೆಕೆಂಡಿನ ವೇಗ ಇಟ್ಟು ಎಳೆದು ನೋಡಿ. ಅವರು ಅದಕ್ಕಿಂತ ಒಂದು ಚೂರು ಜೋರಾಗಿ ನಾಲ್ಕು ಸಲ ಬಿಡುವಿಲ್ಲದೆ ಎಳೆದಿದ್ದಾರೆ.

ಸೋಮಾರಿ_ಸೈನ್ಯ:

ಎಳೆದು ನೋಡಿದೆ. 200 ಮೀಟರಿಗೆ ಇಳಿದುಬಂದೆ. ಮುಂದಿನ ಪ್ರಶ್ನೆ ಯಾರದ್ದು?